ಫಿರ್ಮಾಂ ಕಳ್ಳನಲ್ಲವೆಂದು ನಮ್ಮೂರಿಗೆ ಬಂದು ಹೇಳಿ

ಮಾನ್ಯ ಜಿಲ್ಲಾ ಪರಂಪರೆ ರಕ್ಷಣಾಧಿಕಾರಿಗಳೇ,

ವೆರ್ನೂಲ್ ಹಳ್ಳಿಯ ಚರ್ಚಿನಲ್ಲಿ ಈಗ ಕುಳಿತಿರುವ ಮರಿಯಮ್ಮ ನಮ್ಮ ಮರಿಯಮ್ಮ ಅಲ್ಲ. ನಮ್ಮವಳ ಮರಕ್ಕೆ ಕುಟ್ಟೆ ಹುಳ ಹಿಡಿದಿದೆ, ಚಿಕಿತ್ಸೆ ಮಾಡಿಸಬೇಕು ಎಂದು ಹೇಳಿ ನಿಮ್ಮ ಇಲಾಖೆ ಅವಳನ್ನು ಪೆಟ್ಟಿಗೆಯಲ್ಲಿಟ್ಟು ಒಯ್ದಿತು. ಎರಡು ಚಳಿಗಾಲ ಕಳೆದ ಮೇಲೆ ಅವಳಂತೆಯೇ ಕಾಣುವ ಇನ್ನೊಬ್ಬಳನ್ನು ತಂದು ಅದೇ ಪೀಠದ ಮೇಲೆ ಕೂರಿಸಿತು. ಇದು ನನ್ನ ಮೊದಲನೆಯ ದೂರು. ಎರಡನೆಯದು ಇದಕ್ಕಿಂತ ದೊಡ್ಡದು. ನೀವು ಮಾಡಿದ ಕಳವಿನ ಅಪವಾದವನ್ನು ನಮ್ಮೂರಿನ ಒಬ್ಬ ನಿರಪರಾಧಿಯ ತಲೆಗೆ ಕಟ್ಟಿ, ಇಷ್ಟು ಕಾಲ ಸುಮ್ಮನೆ ಕುಳಿತಿದ್ದೀರಿ.

ಕಳವು ಎಂಬ ಮಾತು ನಿಮಗೆ ಒರಟಾಗಿ ಕೇಳಿಸಬಹುದು. ನಿಮ್ಮ ಕಚೇರಿಯಲ್ಲಿ ಅದಕ್ಕೆ ‘ಸ್ಥಳಾಂತರ’, ‘ಸುರಕ್ಷಿತ ಸಂಗ್ರಹಣೆ’ ಎಂಬ ಇಂಪಾದ ಪದಗಳಿವೆಯೆಂದು ಬಲ್ಲೆ. ನಾನು ಹಳ್ಳಿಯಲ್ಲಿ ಕೆಫೆ ನಡೆಸುವವಳು. ನನ್ನ ಚಮಚವನ್ನು ಯಾರಾದರೂ ಜೇಬಿಗಿಳಿಸಿಕೊಂಡು ಹೋದರೆ ಅದನ್ನು ಸುರಕ್ಷಿತ ಸಂಗ್ರಹಣೆ ಎಂದು ಕರೆಯುವಷ್ಟು ಸಂಸ್ಕಾರ ನನಗಿಲ್ಲ. ಇನ್ನು ಈ ಪತ್ರವನ್ನು ನಿಮ್ಮ ಕಚೇರಿಗೆ ಕಳುಹಿಸದೆ ಪತ್ರಿಕೆಗೇಕೆ ಕೊಟ್ಟೆ ಎಂದು ಕೇಳುವಿರಾದರೆ, ನಿಮ್ಮ ಕಚೇರಿಯ ಒಳಗೆ ಹೋದದ್ದು ಹೋದ ಹಾಗೆಯೇ ಹೊರಗೆ ಬರುತ್ತದೆ ಎಂಬ ನಂಬಿಕೆ ನನಗೀಗ ಉಳಿದಿಲ್ಲ.

ನಮ್ಮ ಮರಿಯಮ್ಮ ಯಾವ ಶತಮಾನದವಳು ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ನಮಗೆ ಗೊತ್ತಿರುವುದು ಬೇರೆ. ಅಕ್ರೋಟು ಮರದ ಒಂದೇ ದಿಮ್ಮಿಯಲ್ಲಿ ಕೆತ್ತಿದ ತಾಯಿ, ಅವಳ ತೊಡೆಯ ಮೇಲೆ ಬಾಲಯೇಸು. ಮೇಣದಬತ್ತಿಯ ಹೊಗೆ ಕುಡಿದು ಇಬ್ಬರೂ ಕಪ್ಪಾಗಿದ್ದರು. ಮಗುವಿನ ಎಡಗಾಲು ಬರಿಗಾಲು, ಬಲಗಾಲಿಗೆ ಮಾತ್ರ ಮರದ ಬೂಟು. ಆ ಬೂಟಿಗೊಂದು ಕತೆಯಿದೆ. ನಮ್ಮೂರಿನ ಹಿರಿಯಜ್ಜಿ ಝೆಲಿಯಮ್ಮ ಇನ್ನೂ ಚಿಕ್ಕ ಹುಡುಗಿಯಾಗಿದ್ದ ಕಾಲ. ಆಗಸ್ಟ್ ತಿಂಗಳ ಮಾತೆಯ ಹಬ್ಬದ ಮೆರವಣಿಗೆ ಬೆಟ್ಟದ ದಾರಿಯಲ್ಲಿದ್ದಾಗ ಆಲಿಕಲ್ಲು ಸುರಿಯಿತು. ಅಡ್ಡೆ ಹೊತ್ತವರಲ್ಲಿ ಒಬ್ಬ ಜಾರಿದ, ಮರಿಯಮ್ಮ ನೆಲಕ್ಕೆ ಬಿದ್ದಳು, ಮಗುವಿನ ಪಾದ ಮುರಿದು ಹಳ್ಳದ ನೀರಿನಲ್ಲಿ ಹೋಯಿತು. ಊರಿನಲ್ಲಿ ಮರದ ಬೂಟು ಮಾಡುತ್ತಿದ್ದ ಇಪೊಲೀತ್ ದೆಲ್ಬೊ ಹೊಸ ಪಾದ ಮಾಡಿಕೊಡುತ್ತೇನೆಂದು ಮುಂದೆ ಬಂದ. ತಂದಾಗ ನೋಡಿದರೆ ಪಾದದ ಬದಲು ಪುಟ್ಟ ಬೂಟು!

“ಇದೇನಯ್ಯಾ ಮಾಡಿದ್ದೀಯಾ?” ಎಂದು ಪಾದ್ರಿಗಳು ಕೂಗಾಡಿದರಂತೆ.

“ಸ್ವಾಮಿ, ಬೆರಳು ಕೆತ್ತೋಕೆ ನಂಗೆ ಬರಲ್ಲ. ಬೂಟು ಕೆತ್ತೋಕೆ ಬರುತ್ತೆ. ಪಾದ ಒಳಗಿದೆ ಅಂದ್ಕೊಳ್ಳಿ,” ಎಂದನಂತೆ ಇಪೊಲೀತ್.

ಪಾದ್ರಿಗಳಿಗೂ ನಗು ತಡೆಯಲಾಗಲಿಲ್ಲ. ಬೂಟು ಅಲ್ಲೇ ಉಳಿಯಿತು. ಇಂದಿಗೂ ನಮ್ಮೂರ ತಾಯಂದಿರು, ಒಂದು ಬೂಟು ತೊಟ್ಟು ಇನ್ನೊಂದು ಬಿಟ್ಟು ಓಡುವ ಮಕ್ಕಳಿಗೆ “ಏ ಬಾಲಯೇಸು, ನಿಲ್ಲೋ!” ಎಂದು ಗದರುತ್ತಾರೆ. ನಿಮ್ಮ ಭಾಷಣಗಳಲ್ಲಿ ‘ಜೀವಂತ ಪರಂಪರೆ’ ಎಂಬ ಮಾತು ಪದೇಪದೇ ಬರುತ್ತದಲ್ಲ, ಅದರ ಅರ್ಥ ಇದೇ ಇರಬೇಕು ಎಂದು ನಾನು ತಿಳಿದಿದ್ದೆ.

ನೀವು ಮೊದಲ ಸಲ ನಮ್ಮ ಚರ್ಚಿಗೆ ಬಂದದ್ದು ಒಂದು ವಸಂತದಲ್ಲಿ. ಬಾಗಿಲು ತೆರೆದು ತೋರಿಸಿದವನು ಫಿರ್ಮಾಂ ದೆಲ್ಬೊ. ಆ ಇಪೊಲೀತನ ಮಗ. ಬೀಗದ ಕೈ ಇಟ್ಟುಕೊಂಡು, ಧೂಳು ಹೊಡೆದು, ಹೊತ್ತುಹೊತ್ತಿಗೆ ಗಂಟೆ ಬಾರಿಸುತ್ತಿದ್ದವನು. ನೀವು ಮರಿಯಮ್ಮನ ಮುಂದೆ ಬಹಳ ಹೊತ್ತು ನಿಂತು, “ಇಂಥದ್ದೊಂದು ನಿಮ್ಮಲ್ಲಿ ಇದೆ ಅನ್ನೋದಾದ್ರೂ ನಿಮಗೆ ಗೊತ್ತಾ?” ಎಂದು ಅವನನ್ನು ಕೇಳಿದಿರಿ. ಹುಟ್ಟಿದಾರಭ್ಯ ಪ್ರತಿ ಭಾನುವಾರ ಅವಳ ಮುಂದೆ ಮಂಡಿಯೂರಿದವನಿಗೆ ಅವಳಿದ್ದಾಳೆಂದು ಗೊತ್ತೇ ಎಂಬ ಪ್ರಶ್ನೆ! ಫಿರ್ಮಾಂ ನಿಮ್ಮನ್ನು ಕಳುಹಿಸಿ ಬೀಗ ಹಾಕಿದ. ಸಂಜೆ ಕೆಫೆಗೆ ಬಂದು ನನಗೆ ಹೇಳಿದ: “ಬ್ಲಾಂದಿನ್, ಆ ಮನುಷ್ಯ ನಮ್ಮ ಮರಿಯಮ್ಮನ್ನ ನೋಡಿದ ರೀತಿ ನಂಗೆ ಸರಿ ಕಾಣ್ಲಿಲ್ಲ ಕಣೇ. ದನದ ಸಂತೇಲಿ ನೋಡ್ತಾರಲ್ಲ, ಹಾಗೆ ನೋಡ್ದ.”

ನಾನು ನಕ್ಕು ಅವನ ಲೋಟಕ್ಕೆ ವೈನ್ ಸುರಿದೆ.

ಅದೇ ಬೇಸಿಗೆಯಲ್ಲಿ ಅವಳನ್ನು ಒಯ್ಯಲು ನಿಮ್ಮ ಗಾಡಿ ಬಂತು. ಪೆಟ್ಟಿಗೆಯೊಳಗೆ ನಿಮ್ಮವರು ಹಾಕಿದ ಸ್ಪಂಜು ಸಾಲದೆಂದು ಫಿರ್ಮಾಂ ತನ್ನ ಮಂಚದ ಕಂಬಳಿಯನ್ನು ತಂದು ಸುತ್ತಿದ. ದಾರಿಯಲ್ಲಿ ಅಲುಗಾಡಬಾರದೆಂದು ಗಾಡಿಯ ಹಿಂಭಾಗದಲ್ಲಿ, ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು, ಜಿಲ್ಲಾ ಪಟ್ಟಣದವರೆಗೂ ಹೋದ. ನಿಮ್ಮ ಬಾಗಿಲಲ್ಲಿ ಇಳಿಸಿ ಬಸ್ಸು ಹತ್ತಿ ಹಿಂದಿರುಗಿದ. ಆ ಶರತ್ಕಾಲದಲ್ಲಿ ಅವನ ಹಳೆಯ ವ್ಯಾನು ಕೊನೆಯುಸಿರೆಳೆದು, ಅವನು ಇನ್ನೊಂದನ್ನು ಕೊಂಡ. ಯಾರೂ ಗಮನಿಸದ ಸಂಗತಿ. ಆಮೇಲೆ ಎಲ್ಲರೂ ಗಮನಿಸಿದ್ದೆವೆಂದು ಹೇಳಿಕೊಂಡ ಸಂಗತಿ.

ನೀವು ಕಳುಹಿಸಿಕೊಟ್ಟ ಮರಿಯಮ್ಮ ಬಂದ ದಿನ ಊರೆಲ್ಲ ಚರ್ಚಿನಲ್ಲಿತ್ತು. ಬಟ್ಟೆ ಸರಿಸಿದಾಗ ಮೊದಲು ಕಂಡದ್ದು ಮಗುವಿನ ಪಾದ. ಎರಡೂ ಬರಿಗಾಲು, ಎರಡರಲ್ಲೂ ಐದೈದು ಮುದ್ದಾದ ಬೆರಳು. ಅವಳನ್ನು ಕರೆತಂದ ನಿಮ್ಮ ಸಹಾಯಕರೊಬ್ಬರು, ಬಿಳಿ ಬೂಟು ತೊಟ್ಟ ಯುವಕ, ವಿವರಿಸಿದರು: “ನಂತರದ ಸೇರ್ಪಡೆಗಳನ್ನು ತೆಗೆದು ಕೃತಿಯನ್ನು ಮೂಲ ಸ್ವರೂಪಕ್ಕೆ ತಂದಿದ್ದೇವೆ.”

“ನಮ್ಮಪ್ಪ ಮಾಡಿದ ಬೂಟು ಎಲ್ಲಿ ಸ್ವಾಮಿ?” ಎಂದು ಫಿರ್ಮಾಂ ಕೇಳಿದ.

“ಅದು ಕಡತದಲ್ಲಿದೆ.”

“ಬೂಟು ಕಡತದಲ್ಲಿದ್ಯಾ?”

“ಕ್ರಮಬದ್ಧವಾಗಿ ದಾಖಲಾಗಿದೆ,” ಎಂದರು ಅವರು. ದಾಖಲಾದ ಬೂಟನ್ನು ವಾಪಸ್ ಕೇಳುವುದು ಹೇಗೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ಕೈಕುಲುಕಿ, ಸಾಸೇಜು ಚೀಸು ತಿನ್ನಿಸಿ ಕಳುಹಿಸಿಕೊಟ್ಟೆವು.

ಅನುಮಾನ ಹುಟ್ಟಿದ್ದು ಹಬ್ಬದ ದಿನ. ನಮ್ಮ ಕಟುಕ ಗಾಸ್ಪಾರ್ ಅಡ್ಡೆಯ ಮುಂಭಾಗಕ್ಕೆ ಹೆಗಲು ಕೊಡುವವನು. ಪ್ರತಿ ವರ್ಷ ಬೆಟ್ಟದಿಂದ ಇಳಿದ ಮೇಲೆ ಹೆಗಲು ನೀವಿಕೊಳ್ಳುತ್ತ ನನ್ನ ಕೆಫೆಗೆ ಬಂದು, ಮರಿಯಮ್ಮ ತನ್ನನ್ನು ಕೊಂದೇಬಿಟ್ಟಳೆಂದು ಗೋಳಾಡುವುದು ಅವನ ಪದ್ಧತಿ. ಈ ಸಲ ಬಂದವನು ಸುಮ್ಮನೆ ಕೂತ.

“ಏನೋ ಗಾಸ್ಪಾರ್, ಹೆಗಲು ನೋಯ್ತಿಲ್ವಾ?”

“ಅದೇ ಕಣೇ ಯೋಚ್ನೆ. ನೋಯ್ತಿಲ್ಲ.”

“ಒಳ್ಳೇದಾಯ್ತಲ್ಲ!”

“ಏನು ಒಳ್ಳೇದು? ದಿನಾ ಮಾಂಸ ಎತ್ತಿ ಇಳಿಸೋನು ನಾನು. ನಾಲ್ಕು ಜನ ಹೊರೋ ಹೆಂಗ್ಸು ಅವಳು. ಇವತ್ತು ನನ್ನ ಪಕ್ಕದವನು ಹೆಗಲು ತಪ್ಪಿಸಿ ಬೆವರು ಒರೆಸ್ಕೊಂಡ್ರೂ ನಂಗೆ ಗೊತ್ತಾಗ್ಲಿಲ್ಲ. ಅವಳು ಹಗುರ ಆಗಿದ್ದಾಳೆ.”

“ಹುಳ ಎಲ್ಲಾ ತೆಗೆದಿದ್ದಾರಲ್ಲ,” ಎಂದು ಯಾರೋ ತಮಾಷೆ ಮಾಡಿದರು.

“ಅರ್ಧ ಮರಿಯಮ್ಮನಷ್ಟು ಹುಳ ಇತ್ತಾ?” ಎಂದ ಗಾಸ್ಪಾರ್.

ನಾವು ಪ್ರಶ್ನೆ ಕೇಳಿದೆವು. ಮೇಯರಮ್ಮನ ಮೂಲಕ, ಮರ್ಯಾದೆಯಿಂದಲೇ ಕೇಳಿದೆವು. ನೀವು ಬರಲಿಲ್ಲ. ಮತ್ತೆ ಅದೇ ಬಿಳಿ ಬೂಟಿನ ಸಹಾಯಕರು ಬಂದರು. ಪಂಚಾಯಿತಿ ಭವನ ತುಂಬಿತ್ತು. ಮರ ಒಣಗುತ್ತದೆ, ತೂಕ ಇಳಿಯುತ್ತದೆ ಎಂದು ಅವರು ಮೊದಲು ಹೇಳಿದರು. ಗಾಸ್ಪಾರ್ ಎದ್ದುನಿಂತು, ಇದು ನಮ್ಮ ಮರಿಯಮ್ಮ ಹೌದೋ ಅಲ್ಲವೋ ಅಷ್ಟನ್ನು ಹೇಳಿ ಎಂದು ಪಟ್ಟು ಹಿಡಿದ. ಆಗ ಅವರು ಹೇಳಿದ ಮಾತನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ: “ನಮಗೆ ಏನು ತಲುಪಿತೋ ಅದನ್ನೇ ನಾವು ಹಿಂದಿರುಗಿಸಿದ್ದೇವೆ.”

ಮಾನ್ಯರೇ, ಈ ವಾಕ್ಯವನ್ನು ಯಾರು ಬರೆದುಕೊಟ್ಟರು? ಎಷ್ಟು ಸ್ವಚ್ಛವಾಗಿದೆ! ಇದು ನಮ್ಮ ಮರಿಯಮ್ಮ ಎಂದು ಹೇಳುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ. ಬದಲಾವಣೆ ಆಗಿದ್ದರೆ ನಿಮ್ಮ ಬಾಗಿಲಿಗೆ ಬರುವ ಮೊದಲೇ ಆಗಿರಬೇಕು ಎಂಬುದನ್ನು ಮಾತ್ರ ಬಾಯಿಬಿಡದೆ ಹೇಳುತ್ತದೆ. ನಿಮ್ಮ ಬಾಗಿಲಿಗೆ ಬರುವ ಮೊದಲು ಅವಳು ಯಾರ ವಶದಲ್ಲಿದ್ದಳು? ಬೀಗದ ಕೈ ಯಾರ ಹತ್ತಿರವಿತ್ತು? ಗಾಡಿಯಲ್ಲಿ ಪೆಟ್ಟಿಗೆಯ ಪಕ್ಕದಲ್ಲಿ ಯಾರು ಕುಳಿತಿದ್ದರು? ಭವನದಲ್ಲಿದ್ದ ಅಷ್ಟೂ ಮುಖಗಳು ನಿಧಾನವಾಗಿ ಫಿರ್ಮಾಂನತ್ತ ತಿರುಗಿದವು. ಗಾಳಿಗೆ ಹುಲ್ಲು ಒಂದೇ ಕಡೆ ವಾಲುವ ಹಾಗೆ.

ಫಿರ್ಮಾಂ ಎದ್ದುನಿಂತ. ಟೋಪಿಯನ್ನು ಕೈಯಲ್ಲಿ ಹಿಡಿದಿದ್ದ. “ನಾನು ಅವಳ ಜೊತೆ ಹೋದೆ. ನಿಮ್ಮ ಬಾಗಿಲಲ್ಲಿ ಇಳಿಸಿದೆ. ನಮ್ಮಪ್ಪನ ಬೂಟು ಆವಾಗ ಕಾಲಲ್ಲೇ ಇತ್ತು. ಪೆಟ್ಟಿಗೆ ಬಿಚ್ಚಿದಾಗ ನೀವೂ ನೋಡಿದ್ರಿ.”

“ನಿಮ್ಮ ಮೇಲೆ ಇಲ್ಲಿ ಯಾರೂ ಆರೋಪ ಮಾಡುತ್ತಿಲ್ಲ,” ಎಂದರು ನಿಮ್ಮ ಸಹಾಯಕರು, ಬಹಳ ಸೌಜನ್ಯದಿಂದ.

ಆ ಕ್ಷಣದವರೆಗೆ ನಿಜಕ್ಕೂ ಯಾರೂ ಮಾಡಿರಲಿಲ್ಲ.

ಒಬ್ಬ ಮನುಷ್ಯನನ್ನು ಊರು ಹೇಗೆ ಹೊರಗಿಡುತ್ತದೆ ಎಂಬುದನ್ನು ನಿಮ್ಮ ಸಂಗ್ರಹಾಲಯಗಳಲ್ಲಿ ನೋಡಲು ಸಿಗುವುದಿಲ್ಲ. ಕೆಫೆಯ ಕೌಂಟರಿನ ಹಿಂದೆ ನಿಂತರೆ ಕಾಣುತ್ತದೆ. ಯಾರೂ ಬಯ್ಯಲಿಲ್ಲ, ಯಾರೂ ಕಲ್ಲು ತೂರಲಿಲ್ಲ. ಅವನ ವ್ಯಾನಿಗೆ ‘ಮರಿಯಮ್ಮನ ಕೊಡುಗೆ’ ಎಂಬ ಹೆಸರು ಬಿತ್ತು. ಅವನು ಕೆಫೆಗೆ ಕಾಲಿಟ್ಟರೆ ಮಾತು ಹವಾಮಾನದ ಕಡೆಗೆ ಹೊರಳುತ್ತಿತ್ತು. ಒಂದು ಸಂಜೆ ಇಸ್ಪೀಟಿನ ಮೇಜಿನ ಹತ್ತಿರ ಅವನು ಎಂದಿನಂತೆ ಕುರ್ಚಿ ಎಳೆದಾಗ ಗಾಸ್ಪಾರ್ ತಲೆಯೆತ್ತದೆ, “ಇವತ್ತು ನಾಲ್ಕು ಜನ ಆಗಿದ್ದೀವಿ ಫಿರ್ಮಾಂ,” ಎಂದ. ಮೇಜಿನಲ್ಲಿ ಮೂವರಿದ್ದರು. ಫಿರ್ಮಾಂ ಆ ಮೂವರನ್ನೂ ನೋಡಿದ, ಕುರ್ಚಿಯನ್ನು ಮೊದಲಿದ್ದಲ್ಲಿಗೆ ತಳ್ಳಿದ, “ಸರಿ, ಆಡಿ,” ಎಂದು ಹೊರಟುಹೋದ. ಮರುದಿನ ಚರ್ಚಿನ ಬೀಗದ ಕೈಯನ್ನು ಮೇಯರಮ್ಮನ ಕಚೇರಿಯ ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದ. ಈಗ ನಮ್ಮ ಗಂಟೆಯನ್ನು ವಿದ್ಯುತ್ ಮೋಟಾರು ಬಾರಿಸುತ್ತದೆ. ಅದಕ್ಕೆ ಸತ್ತವರಿಗೂ ಮದುಮಕ್ಕಳಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಇನ್ನು ನಿಮ್ಮ ಗುಟ್ಟು ಹೊರಬಿದ್ದ ಬಗೆ. ಕಳೆದ ಮಾರ್ಚಿನಲ್ಲಿ ಝೆಲಿಯಮ್ಮನ ಕಣ್ಣಿನ ಪೊರೆ ತೆಗೆಸಲು ಜಿಲ್ಲಾ ಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆ. ಎಂಬತ್ತು ದಾಟಿದ ಹೆಂಗಸು, ಒಂದು ಕಣ್ಣಿಗೆ ಪಟ್ಟಿ, ಹೊರಗೆ ಜಡಿಮಳೆ, ಬಸ್ಸಿಗೆ ಇನ್ನೂ ಬಹಳ ಹೊತ್ತು. ಆಸ್ಪತ್ರೆಯ ಎದುರಿಗಿದ್ದ ನಿಮ್ಮ ಮ್ಯೂಸಿಯಮ್ಮಿನಲ್ಲಿ ಅವತ್ತು ಟಿಕೆಟ್ ಇರಲಿಲ್ಲ. ಒಳಗೆ ಬೆಚ್ಚಗಿತ್ತು, ಕೂರಲು ಬೆಂಚಿತ್ತು. ಕಲೆ ನೋಡಲು ಹೋದೆವೆಂದು ಸುಳ್ಳು ಹೇಳಲಾರೆ. ನಾನು ಬೆಂಚಿನಲ್ಲಿ ಕೂತು ನೆನೆದ ಬೂಟಿನ ಲೇಸು ಬಿಚ್ಚುತ್ತಿದ್ದೆ. ಪಕ್ಕದ ಕೋಣೆಯಿಂದ ಝೆಲಿಯಮ್ಮನ ದನಿ ಕೇಳಿಸಿತು.

“ಅಯ್ಯೋ ನನ್ನವ್ವಾ! ನೀನು ಇಲ್ಲಿ ಕೂತಿದ್ದೀಯಾ?”

ಯಾರೋ ನೆಂಟರು ಸಿಕ್ಕರೆಂದು ಹೋಗಿ ನೋಡಿದೆ. ಗಾಜಿನ ಪೆಟ್ಟಿಗೆಯೊಳಗೆ, ತಲೆಯ ಮೇಲೆ ದೀಪ ಹಚ್ಚಿಸಿಕೊಂಡು, ನಮ್ಮ ಮರಿಯಮ್ಮ ಕುಳಿತಿದ್ದಳು. ಅದೇ ಹೊಗೆಯ ಕಪ್ಪು. ತೊಡೆಯ ಮೇಲೆ ಮಗು. ಮಗುವಿನ ಬಲಗಾಲಿಗೆ ಇಪೊಲೀತನ ಬೂಟು. ಕೆಳಗಿನ ಫಲಕದಲ್ಲಿ ಹೀಗಿತ್ತು: ‘ಗ್ರಾಮೀಣ ಮರಿಯಮಾತೆ. ಬೆಟ್ಟಸೀಮೆಯ ಯಾವುದೋ ಹಳ್ಳಿ. ಮಗುವಿನ ಪಾದರಕ್ಷೆ: ಅನಾಮಧೇಯ ಜನಪದ ಕೈಯ ಮನಮೋಹಕ ಸೇರ್ಪಡೆ.’

ನಮ್ಮ ಚರ್ಚಿನಲ್ಲಿ ತೆಗೆದುಹಾಕಬೇಕಾಗಿದ್ದ ಸೇರ್ಪಡೆ ನಿಮ್ಮ ಗಾಜಿನೊಳಗೆ ಹೋದೊಡನೆ ಮನಮೋಹಕವಾದದ್ದು ಹೇಗೆ? ಯಾವುದೋ ಹಳ್ಳಿ ಎಂದರೆ ಯಾವುದು ಸ್ವಾಮಿ? ನೀವು ಬಂದು ನಿಂತು, ಫಿರ್ಮಾಂ ಬಾಗಿಲು ತೆರೆದುಕೊಟ್ಟ ಹಳ್ಳಿಯ ಹೆಸರು ಅಷ್ಟು ಬೇಗ ಮರೆತುಹೋಯಿತೇ?

ಝೆಲಿಯಮ್ಮ ಗಾಜಿಗೆ ಎರಡೂ ಅಂಗೈ ಒತ್ತಿ ನಿಂತಿದ್ದಳು. ಕಾವಲುಗಾರ ಓಡಿಬಂದ.

“ಅಮ್ಮಾ, ಗಾಜು ಮುಟ್ಬೇಡಿ.”

“ನಾನು ಗಾಜು ಮುಟ್ತಿಲ್ಲ ಮಗಾ, ಅವಳನ್ನ ಮುಟ್ತಿದ್ದೀನಿ. ಮಧ್ಯೆ ಗಾಜು ಬಂದಿದೆ ಅಷ್ಟೆ.”

“ನಿಮಗೆ ಗೊತ್ತಿರೋ ವಿಗ್ರಹಾನಾ ಇದು?”

“ಗೊತ್ತಿರೋದಾ? ನನ್ನ ಮದುವೇಲಿ ನನ್ನ ಹೂವಿನ ದಂಡೆ ಇವಳ ಕೊರಳಿಗೇ ಹಾಕಿದ್ದು. ನನ್ನ ಗಂಡನ ಹೆಣ ಇಟ್ಟಿದ್ದೂ ಇವಳ ಮುಂದೇನೇ. ಇವಳು ನಮ್ಮೋಳು. ಪೆಟ್ಟಿಗೆ ತೆಗಿ, ಬಸ್ಸಿಗೆ ಹೊತ್ತಾಗುತ್ತೆ.”

ಆ ಕಾವಲುಗಾರ ಒಳ್ಳೆಯವನು. ಬಯ್ಯಲಿಲ್ಲ, ಕುರ್ಚಿ ತಂದು ಕೂರಿಸಿ ನೀರು ಕೊಟ್ಟ. ನಾನು ಫೋನಿನಲ್ಲಿ ಚಿತ್ರ ತೆಗೆದೆ. ಊರಿಗೆ ಬಂದು ನೋಡಿದರೆ ಗಾಜಿನಲ್ಲಿ ಮೂಡಿದ್ದ ದೀಪದ ಪ್ರಭೆ, ಝೆಲಿಯಮ್ಮನ ಕಣ್ಣಿನ ಪಟ್ಟಿ, ನನ್ನದೇ ಬಾಯಿತೆರೆದ ಮುಖ, ಇಷ್ಟೇ ಇತ್ತು.

ಅಂದು ಸಂಜೆ ಕೆಫೆಯಲ್ಲಿ ಎಲ್ಲವನ್ನೂ ಹೇಳಿದೆ. ಇಲ್ಲಿಗೆ ಫಿರ್ಮಾಂನ ಕಷ್ಟ ಮುಗಿಯಿತೆಂದು ನಾನು ತಿಳಿದಿದ್ದೆ. ಗಾಸ್ಪಾರ್ ತಲೆ ತಗ್ಗಿಸಿ ಕೂತ. ಆದರೆ ಮೂಲೆಯಿಂದ ಇನ್ನೊಂದು ದನಿ ಬಂತು: “ಸರಿ, ಮ್ಯೂಸಿಯಮ್ಮಲ್ಲಿ ಇದ್ದಾಳೆ. ಅವರಿಗೆ ಮಾರಿದ್ದು ಯಾರು ಅಂತ?” ಮೇಜಿನಿಂದ ಮೇಜಿಗೆ ತಲೆಗಳು ಹೌದೆಂಬಂತೆ ಆಡತೊಡಗಿದವು. ನೀವು ಬಿತ್ತಿಹೋದ ಅನುಮಾನ ಎಂಥದ್ದೆಂದರೆ, ಸತ್ಯವನ್ನು ಕಣ್ಣಾರೆ ಕಂಡು ಬಂದು ಹೇಳಿದರೂ ಅದು ಆ ಸತ್ಯವನ್ನೇ ತಿಂದು ಇನ್ನಷ್ಟು ಕೊಬ್ಬುತ್ತದೆ.

ಮರುದಿನವೇ ನಿಮ್ಮ ಕಚೇರಿಗೆ ಫೋನು ಮಾಡಿದೆ. ಮೃದುವಾದ ಹೆಣ್ಣುದನಿಯೊಂದು ಎಲ್ಲವನ್ನೂ ಕೇಳಿಸಿಕೊಂಡು, “ಆ ವಿಗ್ರಹ ನಿಮ್ಮ ಊರಿನದು ಅನ್ನೋದಕ್ಕೆ ದಾಖಲೆ ಇದೆಯಾ ಮೇಡಂ?” ಎಂದು ವಿಚಾರಿಸಿತು. ನನ್ನ ಹೆಸರು, ಊರಿನ ಹೆಸರು ಕೇಳಿ ಬರೆದುಕೊಂಡಿತು. ಮುಂದಿನ ವಾರ ಗಾಸ್ಪಾರ್ ಅಂಗಡಿಗೆ ಬಾಗಿಲು ಹಾಕಿ, ಒಳ್ಳೆಯ ಕ್ಯಾಮೆರಾ ಎರವಲು ತಂದು ಮ್ಯೂಸಿಯಮ್ಮಿಗೆ ಹೋದ. ಗಾಜಿನ ಪೆಟ್ಟಿಗೆ ಖಾಲಿಯಿತ್ತು. ‘ಸಂರಕ್ಷಣಾ ಕಾರ್ಯಕ್ಕಾಗಿ ತೆಗೆಯಲಾಗಿದೆ’ ಎಂಬ ಚೀಟಿ ಅಂಟಿಸಿತ್ತು. ಅವಳಿಗೆ ಮತ್ತೆ ಕುಟ್ಟೆ ಹಿಡಿಯಿತೇ, ಮಾನ್ಯರೇ? ನಾನು ಫೋನು ಮಾಡಿದ ವಾರವೇ? ಹಬ್ಬಹರಿದಿನ, ಹಿಮಪಾತ, ಎರಡು ಯುದ್ಧಗಳನ್ನು ನಮ್ಮ ಚರ್ಚಿನಲ್ಲಿ ಕೂತು ಕಳೆದವಳ ಆರೋಗ್ಯ ನಿಮ್ಮ ಆರೈಕೆಯಲ್ಲಿ ಇಷ್ಟು ನಾಜೂಕಾಯಿತೇ?

ನಿಮ್ಮ ಸಮರ್ಥನೆಯನ್ನು ನಾನು ಊಹಿಸಬಲ್ಲೆ. ಹಳ್ಳಿಯ ಚರ್ಚುಗಳಿಗೆ ಕಳ್ಳರು ನುಗ್ಗುತ್ತಾರೆ; ಅಮೂಲ್ಯವಾದದ್ದನ್ನು ಒಳಗಿಟ್ಟು ಅಲ್ಲಿ ಪ್ರತಿಕೃತಿ ಇಡುವುದು ಕ್ಷೇಮ. ಇರಬಹುದು. ಹಾಗೆಂದು ನಮ್ಮನ್ನು ಕೂರಿಸಿಕೊಂಡು ಹೇಳಿದ್ದರೆ ಜಗಳವಾಡುತ್ತಿದ್ದೆವು, ಮೇಜು ಕುಟ್ಟುತ್ತಿದ್ದೆವು, ಯಾರು ಕಂಡರು, ಕೊನೆಗೆ ಒಪ್ಪಿದರೂ ಒಪ್ಪುತ್ತಿದ್ದೆವು. ನಮಗೆ ತಿಳಿಯುವುದಿಲ್ಲವೆಂದು ನೀವೇ ನಿರ್ಧರಿಸಿದಿರಿ. ತಿಳಿದುಹೋದಾಗ, ಒಪ್ಪಿಕೊಳ್ಳುವುದಕ್ಕಿಂತ ನಮ್ಮವನೊಬ್ಬನ ಕಡೆಗೆ ಅನುಮಾನದ ಬಾಗಿಲು ಅರ್ಧ ತೆರೆದಿಡುವುದು ನಿಮಗೆ ಸುಲಭವಾಗಿ ಕಂಡಿತು. ಈಗ ನಾನು ನಿಮ್ಮ ಇಲಾಖೆ ಮುಟ್ಟಿದ್ದನ್ನೆಲ್ಲ ಸಂಶಯದಿಂದ ನೋಡುತ್ತೇನೆ. ಕಳೆದ ವರ್ಷ ನೀವು ರಿಪೇರಿ ಮಾಡಿಸಿದ ನಾಲ್ಕುದಾರಿಯ ಕಲ್ಲಿನ ಶಿಲುಬೆಯನ್ನು ಮೊನ್ನೆ ಬೆರಳಿನಿಂದ ಬಡಿದು ನೋಡಿದೆ. ಕಲ್ಲೇ ಇರಬೇಕು. ಖಾತ್ರಿಯಿಲ್ಲ.

ಮ್ಯೂಸಿಯಮ್ಮಿನಿಂದ ಬಂದ ಸಂಜೆ ಗಾಸ್ಪಾರ್ ನೇರವಾಗಿ ಫಿರ್ಮಾಂನ ಮನೆಗೆ ಹೋದ. ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಎಳೆದುಕೊಂಡು ಹೋದ. ಫಿರ್ಮಾಂ ಬಾಗಿಲು ತೆರೆದ, ಒಳಗೆ ಕರೆಯಲಿಲ್ಲ. ಸೌದೆ ಒಲೆಯ ವಾಸನೆ ಹೊರಗೆ ಬರುತ್ತಿತ್ತು.

“ತಪ್ಪಾಯ್ತು ಕಣೋ ಫಿರ್ಮಾಂ,” ಎಂದ ಗಾಸ್ಪಾರ್. “ಅವರೇ ಇಟ್ಕೊಂಡಿದ್ದಾರೆ. ಬ್ಲಾಂದಿನ್ ಕಣ್ಣಾರೆ ನೋಡಿದ್ದಾಳೆ.”

“ಬ್ಲಾಂದಿನ್ ನೋಡಿದ್ಲು ಅಂತ ನಂಬ್ದೆ. ನಾನು ಹೇಳ್ದಾಗ ಯಾಕೆ ನಂಬ್ಲಿಲ್ಲ?”

ಗಾಸ್ಪಾರ್ ಬಾಗಿಲ ಚೌಕಟ್ಟಿಗೆ ಕೈಯೂರಿದ.

“ನಾಳೆ ಬಾರೋ ಕೆಫೆಗೆ. ನಾನೇ ಎಲ್ಲರ ಮುಂದೆ ಹೇಳ್ತೀನಿ.”

“ನೀನು ಹೇಳಿದ್ರೆ, ಗಾಸ್ಪಾರಂಗೂ ಪಾಲು ಸಿಕ್ಕಿದೆ ಅಂತಾರೆ,” ಎಂದ ಫಿರ್ಮಾಂ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದಣಿವಿತ್ತು. “ಬೆಳಿಗ್ಗೆ ಬ್ರೆಡ್ ತರೋಕೆ ಹೋದ್ರೆ, ಬೇಕರಿಯವಳು ಚಿಲ್ಲರೆ ನನ್ನ ಕೈಗೆ ಕೊಡಲ್ಲ ಕಣೋ. ಕೌಂಟರ್ ಮೇಲೆ ಇಡ್ತಾಳೆ. ಹುಟ್ಟಿದಾಗಿಂದ ಗೊತ್ತಿರೋ ಹುಡುಗಿ ಅದು. ಇನ್ನೂ ಎಷ್ಟು ದಿನ ಹೀಗೆ ಇರ್ಲಿ?”

ಅವನು ಬಾಗಿಲು ಹಾಕಿಕೊಂಡ. ಕಳೆದ ಸೋಮವಾರದಿಂದ ಅವನ ಮನೆಯ ಮುಂದೆ ‘ಮಾರಾಟಕ್ಕಿದೆ’ ಎಂಬ ಫಲಕ ನಿಂತಿದೆ. ಸಮುದ್ರದ ಕಡೆ ಎಲ್ಲೋ ತಂಗಿಯ ಊರಿಗೆ ಹೋಗುತ್ತಾನಂತೆ. ಸಮುದ್ರವನ್ನು ಅವನು ಟಿವಿಯಲ್ಲಿ ಮಾತ್ರ ನೋಡಿದ್ದಾನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಬರುವ ಭಾನುವಾರ ಪೂಜೆ ಮುಗಿದು ಜನ ಇನ್ನೂ ಚೌಕದಲ್ಲಿರುವಾಗ ನೀವು ವೆರ್ನೂಲಿಗೆ ಬನ್ನಿ. ಸಹಾಯಕರನ್ನು ಕಳುಹಿಸಬೇಡಿ, ಪತ್ರಿಕಾ ಹೇಳಿಕೆ ಬೇಡ. ನೀವೇ ಬಂದು, ಬೇಕರಿಯವಳಿಗೂ ನನ್ನ ಕೆಫೆಯ ಮೂಲೆಯಲ್ಲಿ ಕೂರುವವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ: “ಫಿರ್ಮಾಂ ದೆಲ್ಬೊ ನಿಜವಾದ ಮರಿಯಮ್ಮನನ್ನೇ ನಮ್ಮ ಬಾಗಿಲಿಗೆ ತಂದುಕೊಟ್ಟ, ಇಟ್ಟುಕೊಂಡವರು ನಾವು.” ಆಮೇಲೆ ನೀವು ಹೊರಟುಬಿಡಬಹುದು. ನಿಮ್ಮ ಕಾರಿಗೆ ಯಾರೂ ಅಡ್ಡ ನಿಲ್ಲದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ಮರಿಯಮ್ಮನನ್ನು ಜೊತೆಗೆ ತರದಿದ್ದರೂ ಅಡ್ಡಿಯಿಲ್ಲ. ಅವಳು ಮರದವಳು, ಇನ್ನೂ ನೂರು ವರ್ಷ ಕಾಯಬಲ್ಲಳು. ನಮ್ಮ ಮೊಮ್ಮಕ್ಕಳು ನಿಮ್ಮ ಮೊಮ್ಮಕ್ಕಳ ಜೊತೆ ಜಗಳವಾಡಿ ಅವಳನ್ನು ಬಿಡಿಸಿಕೊಂಡಾರು. ಫಿರ್ಮಾಂನಿಗೆ ಅಷ್ಟು ಕಾಲವಿಲ್ಲ. ಮೊದಲು ಅವನನ್ನು ನಮಗೆ ಹಿಂದಿರುಗಿಸಿ.

ಇಂತಿ,
ಪಕ್ಕದ ಮನೆಯವರನ್ನು ನಂಬುವುದು ಹೇಗೆಂದು ಮತ್ತೆ ಕಲಿಯಬೇಕಾಗಿ ಬಂದಿರುವ,
ಬ್ಲಾಂದಿನ್ ಸೂಲಿಯಾಕ್
ವೆರ್ನೂಲ್ ಹಳ್ಳಿಯ ಕೆಫೆಯವಳು